ಪತ್ರಿಕೋದ್ಯಮ ಓದುವವರು ಪಕ್ಕದ ಕಟ್ಟಡಕ್ಕೂ ಹೋಗಬೇಕು

(ಮಡಿಕೇರಿಯಲ್ಲಿ ಪದವಿ ವಿದ್ಯಾರ್ಥಿಗಳು ಮತ್ತು ಪೋಷಕರ ಎದುರು ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಪತ್ರಿಕೋದ್ಯಮ ಓದಬೇಕು ಅಂತ ಮಗಳೋ ಮಗನೋ ಹಟ ಹಿಡಿದಿದ್ದಾರೆ, ಎಲ್ಲಿಗೆ ಕಳಿಸೋದು? ಇಲ್ಲಿ ಕೂತಿರುವ ಅಪ್ಪ ಅಮ್ಮಂದಿರಲ್ಲಿ ಹೆಚ್ಚಿನವರು ಇದೇ ಪ್ರಶ್ನೆ ಇಟ್ಟುಕೊಂಡು ಬಂದಿದ್ದೀರಿ. ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬೇಕಾದರೆ ಜಗಳ ಆಡೋಣ. ದೊಡ್ಡ ಸರ್ಕಾರಿ ವಿಶ್ವವಿದ್ಯಾಲಯಕ್ಕೆ ಕಳಿಸಿ. ಮೈಸೂರಿನ ಮಾನಸಗಂಗೋತ್ರಿ ಆಗಬಹುದು, ಕೊಣಾಜೆಯ ಮಂಗಳಗಂಗೋತ್ರಿ ಆಗಬಹುದು. ಅಲ್ಲಿನ ಪತ್ರಿಕೋದ್ಯಮ ವಿಭಾಗ ಬಹಳ ಚೆನ್ನಾಗಿರುತ್ತದೆ ಎಂಬ ಭರವಸೆ ಕೊಡುತ್ತಿಲ್ಲ. ಆ ವಿಭಾಗದ ಸುತ್ತಮುತ್ತ ಇನ್ನೂ ಹತ್ತಾರು ವಿಭಾಗಗಳಿವೆ. ಕಳಿಸಬೇಕಾದದ್ದು ಅವುಗಳಿಗಾಗಿ.

ಕುಂದುಗಳನ್ನು ಮೊದಲು ಹೇಳುತ್ತೇನೆ. ಮುಚ್ಚಿಟ್ಟು ಪ್ರಯೋಜನ ಇಲ್ಲ. ಖಾಯಂ ಮೇಷ್ಟ್ರು ಕಡಿಮೆ, ಅತಿಥಿ ಉಪನ್ಯಾಸಕರು ಜಾಸ್ತಿ. ಅವರಿಗೆ ಸಂಬಳ ಸರಿಯಾಗಿ ಸಿಗುವುದಿಲ್ಲ, ಮುಂದಿನ ವರ್ಷ ಇರುತ್ತಾರೋ ಇಲ್ಲವೋ ಅವರಿಗೇ ಗೊತ್ತಿರುವುದಿಲ್ಲ. ಪಠ್ಯ ಹಳೆಯದು. ಪ್ರಾಯೋಗಿಕ ಪತ್ರಿಕೆ ಸೆಮಿಸ್ಟರ್‌ಗೆ ಒಮ್ಮೆ ಬಂದರೆ ಪುಣ್ಯ. ನಾನು ಓದಿದ ಕಡೆ ವಿಡಿಯೊ ಕ್ಯಾಮೆರಾ ಬೀರುವಿನಲ್ಲಿ ಇರುತ್ತಿತ್ತು, ಬೀರುವಿನ ಕೀಲಿ ಮುಖ್ಯಸ್ಥರ ಹತ್ತಿರ ಇರುತ್ತಿತ್ತು, ಮುಖ್ಯಸ್ಥರು ಮೀಟಿಂಗಿನಲ್ಲಿ ಇರುತ್ತಿದ್ದರು. ಫಲಿತಾಂಶ ತಡವಾಗುತ್ತದೆ, ಅಂಕಪಟ್ಟಿ ಇನ್ನೂ ತಡವಾಗುತ್ತದೆ. ಖಾಸಗಿ ಕಾಲೇಜುಗಳ ಜಾಹೀರಾತಿನಲ್ಲಿ ಕಾಣುವ ಹೊಳೆಯುವ ಸ್ಟುಡಿಯೊ ಇಲ್ಲಿ ಇರುವುದಿಲ್ಲ.

ಆದರೆ ಸ್ಟುಡಿಯೊ ಕೆಲಸ ಕಲಿಯೋಕೆ ಎಷ್ಟು ದಿನ ಬೇಕು ಹೇಳಿ? ಇವತ್ತಿನ ಹುಡುಗರು ಮೊಬೈಲಿನಲ್ಲೇ ಶೂಟ್ ಮಾಡಿ ಮೊಬೈಲಿನಲ್ಲೇ ಎಡಿಟ್ ಮಾಡುತ್ತಾರೆ. ಕ್ಯಾಮೆರಾ ಮುಂದೆ ನಿಂತು ಏನು ಹೇಳಬೇಕು ಅನ್ನೋದು ಬೇರೆ ವಿಷಯ. ಅದಕ್ಕೆ ವರ್ಷಗಳು ಬೇಕು.

ಪತ್ರಿಕೋದ್ಯಮವನ್ನು ತರಗತಿಯಲ್ಲಿ ಕಲಿಸಬಹುದಾ ಎಂಬುದು ಹಳೆಯ ಜಗಳ. ಡಿ.ವಿ. ಗುಂಡಪ್ಪನವರು ಮೆಟ್ರಿಕ್ ಕೂಡ ದಾಟಿರಲಿಲ್ಲ. ಪತ್ರಿಕೆ ನಡೆಸಿದರು, ಪತ್ರಿಕಾವೃತ್ತಿಯ ಬಗ್ಗೆ ಪುಸ್ತಕವನ್ನೂ ಬರೆದರು. ಡಿವಿಜಿಗೆ ಇಲ್ಲದ ಡಿಗ್ರಿ ನಮಗೆ ಯಾಕೆ ಅಂತ ಕೇಳುವವರು ಇವತ್ತಿಗೂ ಇದ್ದಾರೆ. ಅಮೆರಿಕದಲ್ಲೂ ಇದೇ ಕಥೆ. ಅಲ್ಲಿನ ಮಿಸೌರಿ ಎಂಬ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ 1908ರಲ್ಲಿ ಪತ್ರಿಕೋದ್ಯಮ ಶಾಲೆ ಶುರುವಾಯಿತು. ಜಗತ್ತಿನ ಮೊದಲ ಪತ್ರಿಕೋದ್ಯಮ ಶಾಲೆ ಅಂತ ಅದನ್ನು ಕರೆಯುತ್ತಾರೆ. ಅದರ ಮೊದಲ ಡೀನ್ ವಾಲ್ಟರ್ ವಿಲಿಯಮ್ಸ್. ತಮಾಷೆ ಏನು ಗೊತ್ತಾ? ಆ ಮಹಾರಾಯರಿಗೆ ಕಾಲೇಜು ಡಿಗ್ರಿಯೇ ಇರಲಿಲ್ಲ. ಆಮೇಲೆ ಅವರು ಅದೇ ವಿಶ್ವವಿದ್ಯಾಲಯದ ಅಧ್ಯಕ್ಷರೂ ಆದರು.

ಆ ಶಾಲೆಯ ತರಗತಿಗಳು ಶುರುವಾದ ದಿನವೇ, 1908ರ ಸೆಪ್ಟೆಂಬರ್ 14ರಂದು, ವಿದ್ಯಾರ್ಥಿಗಳ ಪತ್ರಿಕೆಯ ಮೊದಲ ಸಂಚಿಕೆ ಹೊರಬಂತು. ಮೊದಲು ಪಾಠ, ಆಮೇಲೆ ಪತ್ರಿಕೆ ಅಂತ ಕಾಯಲಿಲ್ಲ. ಅದು ಕ್ಯಾಂಪಸ್ಸಿನ ಒಳಗೆ ಹಂಚುವ ಕರಪತ್ರವೂ ಆಗಿರಲಿಲ್ಲ. ಊರಿನವರು ಓದುವ ನಿಜವಾದ ಪತ್ರಿಕೆ. ಮೇಷ್ಟ್ರು ಸಂಪಾದಕರು, ವಿದ್ಯಾರ್ಥಿಗಳು ವರದಿಗಾರರು. ತಪ್ಪು ಬರೆದರೆ ಇಂಟರ್ನಲ್ಸ್ ಅಂಕ ಹೋಗುವುದು ಆಮೇಲಿನ ಮಾತು, ಬೆಳಗ್ಗೆ ಊರಿನವರೇ ಬಾಗಿಲು ಬಡಿಯುತ್ತಿದ್ದರು. ನಮ್ಮ ವಿಭಾಗಗಳು ಮಿಸೌರಿಯಿಂದ ಪಠ್ಯದ ಹೆಸರುಗಳನ್ನು ತಂದವು, ಈ ಭಯವನ್ನು ತರಲಿಲ್ಲ. ಇದು ನನ್ನ ದೊಡ್ಡ ದೂರು.

ತಂದವರು ಯಾರು ಅಂದರೆ, ನಮ್ಮ ನಾಡಿಗ ಕೃಷ್ಣಮೂರ್ತಿಗಳು. ಮಿಸೌರಿಯಲ್ಲಿ ಓದಿದವರು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ 1951ರಲ್ಲಿ ಪತ್ರಿಕೋದ್ಯಮ ವಿಭಾಗ ಶುರುವಾಗಿದ್ದು ಅವರಿಂದ. ಕರ್ನಾಟಕದಲ್ಲಿ ಪತ್ರಿಕೋದ್ಯಮ ಕಲಿಸುವ ಕೆಲಸಕ್ಕೆ ಅದೇ ಮೊದಲ ಮನೆ. ಆಗ ಇಡೀ ದೇಶದಲ್ಲೇ ಇಂಥ ವಿಭಾಗಗಳು ಬೆರಳೆಣಿಕೆಯಷ್ಟು ಇದ್ದವು. 1941ರಲ್ಲಿ ಲಾಹೋರಿನಲ್ಲಿ ಪಂಜಾಬ್ ವಿಶ್ವವಿದ್ಯಾಲಯ ಶುರು ಮಾಡಿತ್ತು. ದೇಶ ಒಡೆದಾಗ ಅದು ದೆಹಲಿಗೆ ಬಂತು, ಆಮೇಲೆ ಚಂಡೀಗಢಕ್ಕೆ ಹೋಯಿತು. ಲಾಹೋರಿನ ನಂತರ ಇಂಥ ವಿಭಾಗ ತೆರೆದದ್ದು ಮದರಾಸು, ಕಲ್ಕತ್ತ. ಆಮೇಲೆ ಮೈಸೂರು.

ಅದೇ ಮಹಾರಾಜ ಕಾಲೇಜಿನ ಇನ್ನೊಂದು ಸಂಗತಿ ನನಗೆ ಇದಕ್ಕಿಂತ ಇಷ್ಟ. ಪತ್ರಿಕೋದ್ಯಮ ವಿಭಾಗ ಹುಟ್ಟುವುದಕ್ಕೂ ಮೊದಲು, 1935ರಲ್ಲಿ, ಅಲ್ಲಿನ ಒಬ್ಬ ಪ್ರಾಧ್ಯಾಪಕರು ತಮ್ಮ ಮನೆಯಲ್ಲೇ ರೇಡಿಯೊ ಕೇಂದ್ರ ಶುರು ಮಾಡಿದರು. ಎಂ.ವಿ. ಗೋಪಾಲಸ್ವಾಮಿ. ಆ ಕೇಂದ್ರದ ಹೆಸರು ಆಕಾಶವಾಣಿ. ಇಡೀ ದೇಶದ ರೇಡಿಯೊಗೆ ಆಮೇಲೆ ಬಂದ ಹೆಸರೂ ಅದೇ. ಗೋಪಾಲಸ್ವಾಮಿ ಕಲಿಸುತ್ತಿದ್ದದ್ದು ಏನು? ಮನಃಶಾಸ್ತ್ರ. ಪಕ್ಕದ ವಿಭಾಗದವರು ನಮ್ಮ ಕೆಲಸವನ್ನು ನಮಗಿಂತ ಮೊದಲೇ ಶುರು ಮಾಡಿದ್ದರು, ಅಲ್ವಾ?

ಈಗ ಪಕ್ಕದ ವಿಭಾಗಗಳ ಮಾತಿಗೇ ಬರುತ್ತೇನೆ. ಉದಾಹರಣೆಗೆ ದೂರ ಹೋಗುವುದು ಬೇಡ, ಮಳೆಯಿಂದಲೇ ಶುರು ಮಾಡೋಣ. ಕೊಡಗಿನಲ್ಲಿ ಮಳೆ ಬಿಟ್ಟು ಮಾತು ಶುರುವಾಗುತ್ತದಾ?

ನಮ್ಮ ತೋಟದವರು ಮಳೆಯನ್ನು ಇಂಚಿನಲ್ಲಿ ಅಳೆಯುತ್ತಾರೆ. ಇಂಚಿನ ನೂರನೇ ಒಂದು ಭಾಗಕ್ಕೆ ಸೆಂಟ್ ಅನ್ನುತ್ತಾರೆ. ರಾತ್ರಿ ಒಂದು ಇಂಚು ಇಪ್ಪತ್ತು ಸೆಂಟ್ ಬಂತು ಅಂದರೆ ಇಲ್ಲಿ ಎಲ್ಲರಿಗೂ ಅರ್ಥ ಆಗುತ್ತದೆ. ಹವಾಮಾನ ಇಲಾಖೆ ಮಿಲಿಮೀಟರ್‌ನಲ್ಲಿ ಹೇಳುತ್ತದೆ. ಒಂದು ಇಂಚಿಗೆ 25.4 ಮಿ.ಮೀ. ಇಷ್ಟು ಗುಣಾಕಾರ ಯಾರಾದರೂ ಮಾಡುತ್ತಾರೆ. ಮುಂದಿನದು ಸ್ವಲ್ಪ ಕೇಳಿ. ಒಂದು ದಿನದಲ್ಲಿ 64.5 ಮಿ.ಮೀ.ನಿಂದ 115.5 ಮಿ.ಮೀ.ವರೆಗೆ ಬಿದ್ದರೆ ಇಲಾಖೆ ಅದನ್ನು ಭಾರಿ ಮಳೆ ಅನ್ನುತ್ತದೆ. ಅಲ್ಲಿಂದ 204.4ರವರೆಗೆ ಅತಿ ಭಾರಿ. ಅದನ್ನೂ ದಾಟಿದರೆ ಅತ್ಯಂತ ಭಾರಿ. ನಮ್ಮ ಲೆಕ್ಕಕ್ಕೆ ತಂದರೆ, ಸುಮಾರು ಎರಡೂವರೆ ಇಂಚಿಗೆ ಭಾರಿ, ನಾಲ್ಕೂವರೆ ಇಂಚಿಗೆ ಅತಿ ಭಾರಿ, ಎಂಟು ಇಂಚು ದಾಟಿದರೆ ಕೊನೆಯದು.

ಜುಲೈ ತಿಂಗಳಲ್ಲಿ ಭಾಗಮಂಡಲದವರಿಗೆ ಎರಡೂವರೆ ಇಂಚು ಮಳೆ ಸುದ್ದಿಯೇ ಅಲ್ಲ. ಅದೇ ಮಳೆ ಕುಶಾಲನಗರದಲ್ಲಿ ಬಿದ್ದರೆ ಸುದ್ದಿ. ಬೆಂಗಳೂರಿನ ಡೆಸ್ಕಿನಲ್ಲಿ ಕೂತವರು ಎರಡಕ್ಕೂ ಒಂದೇ ತಲೆಬರಹ ಕೊಡುತ್ತಾರೆ. ಕೊಡಗಿನಲ್ಲಿ ಭಾರಿ ಮಳೆ, ಜನಜೀವನ ಅಸ್ತವ್ಯಸ್ತ. ಜಿಲ್ಲೆ ಚಿಕ್ಕದು, ಆದರೆ ಪಶ್ಚಿಮದ ಬೆಟ್ಟಸಾಲಿಗೂ ಪೂರ್ವದ ಬಯಲಿಗೂ ಮಳೆ ಎಷ್ಟು ಬೇರೆ ಅನ್ನೋದು ಭೂಗೋಳ ವಿಭಾಗದಲ್ಲಿ ಒಂದು ವಾರ ಕೂತರೆ ಗೊತ್ತಾಗುತ್ತದೆ. ಅದು ಗೊತ್ತಾದ ವರದಿಗಾರ ಹೋಬಳಿವಾರು ಮಳೆ ಕೇಳುತ್ತಾನೆ. ಗೊತ್ತಿಲ್ಲದವನು ಜಿಲ್ಲಾ ಸರಾಸರಿ ಬರೆದು ಮುಗಿಸುತ್ತಾನೆ.

2018ರ ಆಗಸ್ಟ್ ತಿಂಗಳ ಭೂಕುಸಿತವನ್ನು ನಿಮಗೆ ನೆನಪಿಸಬೇಕಾಗಿಲ್ಲ. ಜೋಡುಪಾಲ, ಮಕ್ಕಂದೂರು, ಹೆಬ್ಬೆಟ್ಟಗೇರಿ. ಮುಂದಿನ ವರ್ಷ ವಿರಾಜಪೇಟೆ ಕಡೆ ತೋರ. 2020ರಲ್ಲಿ ತಲಕಾವೇರಿ. ಆ ದಿನಗಳಲ್ಲಿ ಹೊರಗಿನಿಂದ ಬಂದ ಟಿವಿಯವರು ನಿಂತು ಕೂಗಿದ್ದನ್ನೂ ನೋಡಿದ್ದೀರಿ. ಪ್ರಕೃತಿ ಮುನಿದಿದೆ, ಕಾವೇರಮ್ಮ ಮುನಿದಿದ್ದಾಳೆ. ನಂಬಿಕೆಯವರ ದುಃಖದ ಮಾತು ಬೇರೆ, ನಾನು ಅದನ್ನು ಆಡಿಕೊಳ್ಳುವುದಿಲ್ಲ. ಆದರೆ ವರದಿಗಾರ ಅಲ್ಲಿಗೆ ನಿಂತರೆ ಆಯಿತಾ? ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು ಬಂದು ನೋಡಿ, ಅತಿಯಾದ ಮಳೆಯ ಜೊತೆಗೆ ಇಳಿಜಾರನ್ನು ಮನುಷ್ಯರು ಕಡಿದದ್ದೂ ಕಾರಣ ಅಂತ ಹೇಳಿದರು. ರಸ್ತೆಗೆ ಕಡಿದದ್ದು, ಕಟ್ಟಡಕ್ಕೆ ಕಡಿದದ್ದು. ಆ ವರದಿ ಓದೋಕೆ ಮಣ್ಣಿನ ಪದರ ಅಂದರೇನು, ನೀರು ಒಳಗೆ ಇಳಿದಾಗ ಒತ್ತಡ ಹೇಗೆ ಏರುತ್ತದೆ ಅನ್ನುವಷ್ಟು ಗೊತ್ತಿರಬೇಕು. ಮಂಗಳಗಂಗೋತ್ರಿಯಲ್ಲಿ ಭೂವಿಜ್ಞಾನ ಓದಿಸುವವರು ಇದ್ದಾರೆ. ಮಾನಸಗಂಗೋತ್ರಿಯಲ್ಲೂ ಇದ್ದಾರೆ. ಪತ್ರಿಕೋದ್ಯಮದ ವಿದ್ಯಾರ್ಥಿ ಹೋಗಿ ಬಾಗಿಲು ತಟ್ಟಿದರೆ ಓಡಿಸುವುದಿಲ್ಲ. ತಮ್ಮ ವಿಷಯವನ್ನು ಕೇಳೋಕೆ ಯಾರಾದರೂ ಬಂದರು ಅಂತ ಖುಷಿಪಟ್ಟು ಕಾಫಿ ಕೊಡಿಸುತ್ತಾರೆ. ಖಾಸಗಿ ಮೀಡಿಯಾ ಕಾಲೇಜಿನ ಕಟ್ಟಡದಲ್ಲಿ ಮೇಲಿನ ಮಹಡಿಗೆ ಹೋದರೆ ಸಿಗುವುದು ಅನಿಮೇಷನ್ ಕೋರ್ಸು.

ಕಾಫಿ ಅಂದಾಗ ನೆನಪಾಯಿತು. 2024ರಲ್ಲಿ ರೊಬಸ್ಟಾ ಬೆಲೆ ಯಾರೂ ಕಾಣದಷ್ಟು ಏರಿತು. ನಮ್ಮ ಪತ್ರಿಕೆಗಳಲ್ಲಿ ಬಂದದ್ದೇನು? ಬೆಳೆಗಾರರ ಮುಖದಲ್ಲಿ ಮಂದಹಾಸ. ಇಳಿದಾಗ? ಬೆಳೆಗಾರರು ಕಂಗಾಲು. ಈ ಎರಡೇ ಮುಖ. ರೊಬಸ್ಟಾ ಬೆಲೆ ಲಂಡನ್ ಮಾರುಕಟ್ಟೆಯನ್ನು ನೋಡುತ್ತದೆ, ಅರೇಬಿಕಾ ನ್ಯೂಯಾರ್ಕನ್ನು ನೋಡುತ್ತದೆ. ವಿಯೆಟ್ನಾಮಿನಲ್ಲಿ ಬರ ಬಿದ್ದರೆ ನಮ್ಮ ಸಿದ್ದಾಪುರದಲ್ಲಿ ಚೆರ್ರಿ, ಅಂದರೆ ಒಣಗಿಸಿದ ಕಾಫಿ ಹಣ್ಣಿನ, ಚೀಲದ ಬೆಲೆ ಏರುತ್ತದೆ. ಆದರೆ ಏರಿದ್ದರಲ್ಲಿ ಎಷ್ಟು ಯಾರಿಗೆ ಸಿಕ್ಕಿತು? ಕುಯ್ಲಾದ ಕೂಡಲೇ ಸಾಲ ತೀರಿಸಲು ಮಾರಿದ ಸಣ್ಣ ಬೆಳೆಗಾರನಿಗೆ ಒಂದು ಬೆಲೆ. ಗೋದಾಮಿನಲ್ಲಿ ಇಟ್ಟು ಕಾದವನಿಗೆ ಇನ್ನೊಂದು. ಔಟ್‌ಟರ್ನ್ (ಚೀಲಕ್ಕೆ ಸಿಗುವ ಬೀಜದ ಪ್ರಮಾಣ) ಕಡಿಮೆ ಅಂತ ಹೇಳಿ ವ್ಯಾಪಾರಿ ಮುರಿದುಕೊಂಡದ್ದು ಎಷ್ಟು? ಲೈನ್ ಮನೆಯಲ್ಲಿ ಇರುವ ಕಾರ್ಮಿಕನ ಕೂಲಿ ಆ ವರ್ಷ ಎಷ್ಟು ಏರಿತು? ಇದನ್ನು ಕೇಳೋಕೆ ವಾಣಿಜ್ಯವೋ ಅರ್ಥಶಾಸ್ತ್ರವೋ ಸ್ವಲ್ಪ ಗೊತ್ತಿರಬೇಕು. ಚೆಟ್ಟಳ್ಳಿಯಲ್ಲಿ ಕಾಫಿ ಸಂಶೋಧನಾ ಉಪಕೇಂದ್ರ ಇದೆ, 1946ರಿಂದ ಇದೆ. ಅಲ್ಲಿಗೆ ಹೋಗಿ ಪ್ರಶ್ನೆ ಕೇಳುವ ಧೈರ್ಯ ಬರುವುದು ವಿಶ್ವವಿದ್ಯಾಲಯದಲ್ಲಿ ವಿಜ್ಞಾನದವರ ಜೊತೆ ಹಾಸ್ಟೆಲ್ ಊಟ ಮಾಡಿದ ಮೇಲೆ.

ಜಮೀನಿನ ವಿಷಯಕ್ಕೆ ಬಂದರೆ ಹೊರಗಿನ ವರದಿಗಾರರು ಕೈಚೆಲ್ಲುತ್ತಾರೆ. ಜಮ್ಮಾ, ಬಾಣೆ, ಸಾಗು, ಪೈಸಾರಿ, ಊರುಡುವೆ, ದೇವರಕಾಡು. ಕೊಡಗಿನಲ್ಲಿ ಜಮೀನಿಗೆ ಇಷ್ಟೊಂದು ಬಗೆ. ಬೇರೆ ಜಿಲ್ಲೆಯಿಂದ ಬಂದ ತಹಶೀಲ್ದಾರರಿಗೇ ಇದು ತಲೆನೋವು. ಎಷ್ಟೋ ಒಕ್ಕಗಳ, ಅಂದರೆ ಕೊಡವ ಮನೆತನಗಳ, ಪಹಣಿಯಲ್ಲಿ ತೀರಿಹೋದ ಪಟ್ಟೆದಾರರ ಹೆಸರೇ ಉಳಿದಿದೆ. ಸಾಲ ಕೇಳಿದರೂ ಪಹಣಿ, ಪರಿಹಾರ ಕೇಳಿದರೂ ಪಹಣಿ. ಇದನ್ನು ಬರೆಯಬೇಕಾದ ವರದಿಗಾರ ಇತಿಹಾಸವನ್ನೂ ಓದಿರಬೇಕು, ಕಂದಾಯ ಕಾನೂನನ್ನೂ ಓದಿರಬೇಕು. 1956ರವರೆಗೆ ಕೊಡಗು ಬೇರೆಯೇ ರಾಜ್ಯವಾಗಿತ್ತು, ಅದಕ್ಕೆ ಬೇರೆಯೇ ಕಂದಾಯ ಪದ್ಧತಿ ಇತ್ತು ಅನ್ನೋದು ಗೊತ್ತಿಲ್ಲದವನಿಗೆ ಈ ಗಂಟು ಬಿಚ್ಚುವುದಿಲ್ಲ.

ಇನ್ನೊಂದು ಉದಾಹರಣೆ ಕೊಡಲೇಬೇಕು. 2016ರ ಡಿಸೆಂಬರ್‌ನಲ್ಲಿ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲುಗಳನ್ನು ಕೆಡವಿದರು. ಅರಣ್ಯ ಒತ್ತುವರಿ ಅಂತ ಒಂದು ಕಡೆ, ನಮ್ಮ ಜಾಗ ಅಂತ ಇನ್ನೊಂದು ಕಡೆ. ಎರಡು ಕಡೆಯ ಹೇಳಿಕೆ ಹಾಕಿದರೆ ಸಮತೋಲನದ ವರದಿ ಆಯಿತು ಅಂತ ನಮ್ಮಲ್ಲಿ ಒಂದು ಸೋಮಾರಿತನ ಇದೆ. 2006ರ ಅರಣ್ಯ ಹಕ್ಕು ಕಾಯ್ದೆಯ 4ನೇ ಸೆಕ್ಷನ್‌ನ 5ನೇ ಉಪವಿಭಾಗ ಏನು ಹೇಳುತ್ತದೆ? ಹಕ್ಕು ಗುರುತಿಸಿ ಪರಿಶೀಲಿಸುವ ಕೆಲಸ ಮುಗಿಯುವವರೆಗೆ ಅರಣ್ಯದಲ್ಲಿ ನೆಲೆಸಿರುವ ಆದಿವಾಸಿಗಳನ್ನು ಎಬ್ಬಿಸಬಾರದು ಎನ್ನುತ್ತದೆ. ಆ ಜಾಗ ಅರಣ್ಯವೋ ಪೈಸಾರಿ ಎಂಬ ಸರ್ಕಾರಿ ಜಮೀನೋ, ಅಲ್ಲಿದ್ದವರು ಎಷ್ಟು ಕಾಲದಿಂದ ಇದ್ದರು, ಅರ್ಜಿ ಹಾಕಿದ್ದರಾ, ಗ್ರಾಮಸಭೆಯಲ್ಲಿ ಏನಾಯಿತು. ಇವನ್ನು ಕೇಳಬೇಕು ಅಂತ ಹೊಳೆಯುವುದು ಆ ಸೆಕ್ಷನ್ ಓದಿದವನಿಗೆ. ಮಾನಸಗಂಗೋತ್ರಿಯಲ್ಲಿ ಕಾನೂನು ವಿಭಾಗ ಪತ್ರಿಕೋದ್ಯಮ ವಿಭಾಗದಿಂದ ನಡೆದು ಹೋಗುವಷ್ಟು ದೂರ.

ಹಾಗಾದರೆ ಪತ್ರಿಕೋದ್ಯಮ ವಿಭಾಗದಲ್ಲಿ ಕಲಿಯೋಕೆ ಏನೂ ಇಲ್ಲವಾ? ಇದೆ. ಎರಡು ವಿಷಯಗಳನ್ನು ಮಾತ್ರ ಹೇಳುತ್ತೇನೆ. ಉಳಿದದ್ದು ಗೈಡ್ ಓದಿ ಪಾಸಾಗಬಹುದು.

ಮೊದಲನೆಯದು ಮಾಧ್ಯಮ ಕಾನೂನು. ಇದನ್ನು ಬಾಯಿಪಾಠ ಮಾಡಿಸುತ್ತಾರೆ. ಸಂವಿಧಾನದ 19(1)(ಎ) ಕೊಡುವ ವಾಕ್ ಸ್ವಾತಂತ್ರ್ಯ, ಮಾನಹಾನಿ, ನ್ಯಾಯಾಂಗ ನಿಂದನೆ. ಕೊಡಗಿನಂಥ ಚಿಕ್ಕ ಜಾಗದಲ್ಲಿ ಇದರ ಬಿಸಿ ಬೇರೆ. ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಗುವಿನ ಹೆಸರು, ವಿಳಾಸ, ಫೋಟೊ, ಕುಟುಂಬ, ಶಾಲೆ, ನೆರೆಹೊರೆ ಯಾವುದನ್ನೂ ಬಯಲು ಮಾಡುವಂತಿಲ್ಲ. ದೊಡ್ಡ ನಗರದಲ್ಲಿ ಹೆಸರು ಬಿಟ್ಟರೆ ಮಗು ಬಚಾವಾಗಬಹುದು. ನಮ್ಮಲ್ಲಿ? ಇಂಥ ಗ್ರಾಮದ ಬೆಳೆಗಾರರೊಬ್ಬರ ತೋಟದ ಲೈನ್ ಮನೆ ಅಂದರೆ ಸಾಕು, ಇಡೀ ನಾಡಿಗೆ ಗೊತ್ತಾಗುತ್ತದೆ. ಮನೆತನದ ಹೆಸರು ಹೇಳಿದರೆ ಅಜ್ಜ, ಮುತ್ತಜ್ಜ, ಮೂಲಮನೆಯಾದ ಐನ್‌ಮನೆ ಎಲ್ಲವನ್ನೂ ಹೇಳಿದ ಹಾಗೆ. ಆದ್ದರಿಂದ ಇಲ್ಲಿ ವರದಿಗಾರ ಪುಸ್ತಕದಲ್ಲಿ ಇರುವುದಕ್ಕಿಂತ ಜಾಸ್ತಿ ಮುಚ್ಚಬೇಕಾಗುತ್ತದೆ. ಈ ವಿವೇಕ ಕಲಿಸುವ ಒಬ್ಬ ಒಳ್ಳೆ ಮೇಷ್ಟ್ರು ಸಿಕ್ಕರೆ ಕಟ್ಟಿದ ಫೀಸು ವಸೂಲಾಯಿತು ಅಂತ ತಿಳಿಯಿರಿ.

ಎರಡನೆಯದು, ಸಿದ್ಧಾಂತ. ಇದನ್ನು ಕೇಳಿದರೆ ಹುಡುಗರು ಆಕಳಿಸುತ್ತಾರೆ. ಒಂದನ್ನು ಹೇಳುತ್ತೇನೆ, ಆಕಳಿಸದೆ ಕೇಳಿ. 1968ರಲ್ಲಿ ಅಮೆರಿಕದ ಅಧ್ಯಕ್ಷೀಯ ಚುನಾವಣೆ ನಡೆಯುತ್ತಿತ್ತು. ಮ್ಯಾಕ್‌ಕೂಂಬ್ಸ್ ಮತ್ತು ಶಾ ಎಂಬ ಇಬ್ಬರು ಯುವ ಅಧ್ಯಾಪಕರು, ಅವರೂ ಸರ್ಕಾರಿ ವಿಶ್ವವಿದ್ಯಾಲಯದವರೇ, ತಮ್ಮ ಚಾಪೆಲ್ ಹಿಲ್ ಊರಿನಲ್ಲಿ ಇನ್ನೂ ಯಾರಿಗೆ ಮತ ಅಂತ ತೀರ್ಮಾನಿಸದ 100 ಮತದಾರರನ್ನು ಮಾತಾಡಿಸಿದರು. ಈ ಚುನಾವಣೆಯಲ್ಲಿ ಮುಖ್ಯವಾದ ವಿಷಯ ಯಾವುದು ಅಂತ ಕೇಳಿದರು. ಅದೇ ಹೊತ್ತಿಗೆ ಅವರು ಓದುವ ಪತ್ರಿಕೆ, ನೋಡುವ ಟಿವಿಯಲ್ಲಿ ಯಾವ ವಿಷಯಕ್ಕೆ ಎಷ್ಟು ಜಾಗ ಸಿಕ್ಕಿತು ಅಂತ ಅಳೆದರು. ಎರಡು ಪಟ್ಟಿಗಳೂ ಹೆಚ್ಚುಕಡಿಮೆ ಹೊಂದಿಕೊಂಡವು. 1972ರಲ್ಲಿ ಇದನ್ನು ಪ್ರಕಟಿಸಿದರು. ಮಾಧ್ಯಮ ಯಾವುದನ್ನು ಮತ್ತೆ ಮತ್ತೆ ದೊಡ್ಡದಾಗಿ ತೋರಿಸುತ್ತದೋ ಜನ ಅದನ್ನೇ ಮುಖ್ಯ ಅಂದುಕೊಳ್ಳುತ್ತಾರೆ ಅನ್ನುವ ವಾದ ಅಲ್ಲಿಂದ ಶುರುವಾಯಿತು.

ನೋಡಿ, ಇದಕ್ಕೆ ಬೇಕಾದದ್ದು ನೂರು ಜನ, ಕೆಲವು ಪತ್ರಿಕೆ, ಒಂದು ಸ್ಕೇಲು. ಎಂ.ಎ. ಕೊನೆಯ ಸೆಮಿಸ್ಟರ್‌ನಲ್ಲಿ ಪ್ರಬಂಧ ಬರೆಯಬೇಕಾಗುತ್ತದೆ. ಹುಡುಗರು ಏನು ಮಾಡುತ್ತಾರೆ? ಯುವಜನರ ಮೇಲೆ ಸಾಮಾಜಿಕ ಜಾಲತಾಣಗಳ ಪ್ರಭಾವ, ಒಂದು ಅಧ್ಯಯನ. ಪ್ರತಿ ವರ್ಷ, ಪ್ರತಿ ವಿಶ್ವವಿದ್ಯಾಲಯದಲ್ಲಿ, ಇದೇ. ಅದರ ಬದಲು ಮಡಿಕೇರಿಯ ಒಂದು ದಿನಪತ್ರಿಕೆ ತೆಗೆದುಕೊಳ್ಳಿ. ನಮ್ಮ ‘ಶಕ್ತಿ’ಯನ್ನೇ ತೆಗೆದುಕೊಳ್ಳಿ. ಬಿ.ಎಸ್. ಗೋಪಾಲಕೃಷ್ಣ ಅವರು 1957ರಲ್ಲಿ, ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷವೇ, ಶುರು ಮಾಡಿದ ಪತ್ರಿಕೆ. ಅಥವಾ ಅದಕ್ಕೂ ಹಿಂದೆ ಪಂದ್ಯಂಡ ಬೆಳ್ಳಿಯಪ್ಪ ನಡೆಸುತ್ತಿದ್ದ ‘ಕೊಡಗು’ ವಾರಪತ್ರಿಕೆಯ ಹಳೆಯ ಸಂಚಿಕೆಗಳು ಸಿಕ್ಕರೆ ಹುಡುಕಿ. ಒಂದು ವರ್ಷದ ಪತ್ರಿಕೆಯಲ್ಲಿ ಆನೆಗೆ ಎಷ್ಟು ಜಾಗ, ಆದಿವಾಸಿಗಳ ಹಾಡಿಯ ನೀರಿಗೆ ಎಷ್ಟು, ಹಾಕಿ ಟೂರ್ನಿಗೆ ಎಷ್ಟು, ಲೈನ್ ಮನೆಗೆ ಎಷ್ಟು ಅಂತ ಅಳೆಯಿರಿ. ಆಮೇಲೆ ಮಡಿಕೇರಿ ಮಾರ್ಕೆಟ್ಟಿನಲ್ಲಿ ನೂರು ಜನರನ್ನು, ಒಂದು ಹಾಡಿಯಲ್ಲಿ ನೂರು ಜನರನ್ನು ಕೇಳಿ. ಇಂಥದ್ದನ್ನು ಮಾಡಿದ ಹುಡುಗ ಅಥವಾ ಹುಡುಗಿ ಸಂದರ್ಶನಕ್ಕೆ ಬಂದರೆ ಯಾವ ಸಂಪಾದಕರೂ ಎರಡನೇ ಸಲ ತಲೆ ಎತ್ತಿ ನೋಡುತ್ತಾರೆ.

ಬೀರುವಿನ ಕೀಲಿ ಸಿಗದಿದ್ದರೆ ಇನ್ನೊಂದು ಅಭ್ಯಾಸ ಇದೆ, ಅದಕ್ಕೆ ಕ್ಯಾಮೆರಾ ಬೇಡ. ಮಾಹಿತಿ ಹಕ್ಕು ಅರ್ಜಿ. 2005ರ ಕಾಯ್ದೆ. ಹತ್ತು ರೂಪಾಯಿ ಶುಲ್ಕ. ಕರ್ನಾಟಕದ ನಿಯಮದ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ಮೀರಬಾರದು. ಜನರ ಹಕ್ಕನ್ನು ಮೊಟಕು ಮಾಡಿದ ನಿಯಮ ಅಂತ ನನಗೆ ಅದರ ಮೇಲೆ ಸಿಟ್ಟಿದೆ. ಆದರೆ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಬರವಣಿಗೆ ಪಾಠ ಇಲ್ಲ. ಜಿಲ್ಲೆಯಲ್ಲಿ ಎಷ್ಟು ಅಕ್ರಮ ಹೋಂಸ್ಟೇ ಇವೆ ಅಂತ ಕೇಳಿದರೆ ಮಾಹಿತಿ ಲಭ್ಯವಿಲ್ಲ ಅಂತ ಬರುತ್ತದೆ. ಇಂಥ ಪಂಚಾಯಿತಿಯಲ್ಲಿ ಇಂಥ ದಿನಾಂಕದಿಂದ ಇಂಥ ದಿನಾಂಕದವರೆಗೆ ಹೋಂಸ್ಟೇಗಳಿಗೆ ಕೊಟ್ಟ ಪರವಾನಗಿಗಳ ಪ್ರತಿ ಕೊಡಿ ಅಂತ ಕೇಳಿದರೆ ಕೊಡಲೇಬೇಕು. ಇಷ್ಟು ಖಚಿತವಾಗಿ ಕೇಳೋಕೆ ಬರುವವನಿಗೆ ವರದಿಯ ಮೊದಲ ಪ್ಯಾರಾ ಬರೆಯೋಕೂ ಬರುತ್ತದೆ. ಮೂವತ್ತು ದಿನದಲ್ಲಿ ಉತ್ತರ ಬರಬೇಕು, ಬಾರದಿದ್ದರೆ ಮೇಲ್ಮನವಿ. ಎರಡು ವರ್ಷದ ಕೋರ್ಸಿನಲ್ಲಿ ಕಾಯೋಕೆ ಬೇಕಾದಷ್ಟು ಸಮಯ ಇದೆ. ಕೆಲಸಕ್ಕೆ ಸೇರಿದ ಮೇಲೆ ಇರುವುದಿಲ್ಲ.

ಕೊಡಗಿಗೂ ಕನ್ನಡ ಪತ್ರಿಕೋದ್ಯಮಕ್ಕೂ ಇರುವ ನಂಟಿನ ಬಗ್ಗೆ ಒಂದು ಮಾತು ಹೇಳದೆ ಹೋದರೆ ಸರಿಯಲ್ಲ. 1843ರ ಜುಲೈ 1ರಂದು ಮಂಗಳೂರಿನಲ್ಲಿ ‘ಮಂಗಳೂರ ಸಮಾಚಾರ’ ಹೊರಬಂತು, ಕಲ್ಲಚ್ಚಿನಲ್ಲಿ. ಅದಕ್ಕೇ ಜುಲೈ 1 ನಮಗೆ ಪತ್ರಿಕಾ ದಿನ. ಅದರ ಸಂಪಾದಕ ಹರ್ಮನ್ ಮೊಗ್ಲಿಂಗ್ ಮುಂದೆ ಬಂದದ್ದು ಎಲ್ಲಿಗೆ? ಇಲ್ಲಿಗೇ. ಸಿದ್ದಾಪುರದ ಹತ್ತಿರ ಆನಂದಪುರ ಇದೆಯಲ್ಲ, ಅದು ಅವರು ಕಟ್ಟಿದ ನೆಲೆ. ಕೊಡಗಿನ ಬಗ್ಗೆ 1855ರಲ್ಲಿ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. ಮತ ಪ್ರಚಾರಕ್ಕೆ ಬಂದವರು ಅನ್ನೋದನ್ನು ಮರೆಯಬೇಕಾಗಿಲ್ಲ. ಆದರೆ ಆ ಮನುಷ್ಯ ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ಓದಿದ್ದು ಧರ್ಮಶಾಸ್ತ್ರ. ಇಲ್ಲಿಗೆ ಬಂದು ಭಾಷೆ ಕಲಿತರು, ಹಳೆಗನ್ನಡ ಕಾವ್ಯ ಹುಡುಕಿ ಅಚ್ಚು ಹಾಕಿಸಿದರು, ಪತ್ರಿಕೆ ನಡೆಸಿದರು. ಟ್ಯೂಬಿಂಗನ್ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಪತ್ರಿಕೋದ್ಯಮದ ಸರ್ಟಿಫಿಕೇಟ್ ಮಾತ್ರ ಅವರ ಹತ್ತಿರವೂ ಇರಲಿಲ್ಲ ಬಿಡಿ.

ಈಗ ನಿಮ್ಮ ಪ್ರಶ್ನೆಗಳು.

ಹಿಂದಿನ ಸಾಲಿನಿಂದ ಒಬ್ಬರು ಕೇಳಿದ್ದಾರೆ, ನಮ್ಮ ಜಿಲ್ಲೆಯಲ್ಲೇ ವಿಶ್ವವಿದ್ಯಾಲಯ ಇರುವಾಗ ಮೈಸೂರಿಗೆ, ಮಂಗಳೂರಿಗೆ ಯಾಕೆ? ನ್ಯಾಯವಾದ ಪ್ರಶ್ನೆ. ಚಿಕ್ಕ ಅಳುವಾರದಲ್ಲಿ ಮೊದಲು ಮಂಗಳೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ ಇತ್ತು. 2023ರಲ್ಲಿ ಅದು ಕೊಡಗು ವಿಶ್ವವಿದ್ಯಾಲಯವಾಗಿ ಉದ್ಘಾಟನೆ ಆಯಿತು. 2025ರ ಆರಂಭದಲ್ಲಿ ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತು ಸರ್ಕಾರದಲ್ಲಿ ಬಂದಾಗ ಇಲ್ಲಿ ವಿರೋಧ ಎದ್ದಿತು, ಏಳಬೇಕಾದದ್ದೇ. ರೈಲು ಇಲ್ಲದ ಜಿಲ್ಲೆ ಇದು. ಶ್ರೀಮಂಗಲದ ಕಡೆಯ ಹುಡುಗಿ ಕೊಣಾಜೆಗೆ ಹೋಗಬೇಕು ಅಂದರೆ ಎಷ್ಟು ಬಸ್ಸು ಬದಲಿಸಬೇಕು ಅನ್ನೋದು ನಿಮಗೇ ಗೊತ್ತು. ಮಳೆಗಾಲದಲ್ಲಿ ಸಂಪಾಜೆ ಘಾಟಿ ಮುಚ್ಚಿದರೆ ಅದೂ ಇಲ್ಲ. ಹತ್ತಿರದ ವಿಶ್ವವಿದ್ಯಾಲಯ ಇಲ್ಲದಿದ್ದರೆ ಎಷ್ಟೋ ಹೆಣ್ಣುಮಕ್ಕಳ ಓದು ಪದವಿಗೇ ನಿಲ್ಲುತ್ತದೆ. ಆದ್ದರಿಂದ ಅದು ಉಳಿಯಬೇಕು, ಬೆಳೆಯಬೇಕು. ಆದರೆ ನಾನು ಹೇಳಿದ ಪಕ್ಕದ ಕಟ್ಟಡಗಳು ಅಲ್ಲಿ ಇನ್ನೂ ಎದ್ದಿಲ್ಲ. ಪದವಿಯನ್ನು ಇಲ್ಲೇ ಮಾಡಿ, ಪತ್ರಿಕೋದ್ಯಮದ ಜೊತೆ ಇತಿಹಾಸವನ್ನೋ ಅರ್ಥಶಾಸ್ತ್ರವನ್ನೋ ತೆಗೆದುಕೊಳ್ಳಿ. ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿರುವುದರಿಂದ ಮೂರು ಮುಖ್ಯ ವಿಷಯ ಓದುವ ಅವಕಾಶ ಇದೆ. ಎಂ.ಎ.ಗೆ ಹೊರಗೆ ಹೋಗಿ. ಹೋಗೋಕೆ ಆಗದವರು ಇಲ್ಲೇ ಓದಿ, ರಜೆಯಲ್ಲಿ ಮೈಸೂರಿನ ಗ್ರಂಥಾಲಯಕ್ಕೆ ಹೋಗಿ ಕೂತುಕೊಳ್ಳಿ.

ಕೆಲಸ ಸಿಗುತ್ತಾ, ಸಂಬಳ ಎಷ್ಟು? ಶುರುವಿನಲ್ಲಿ ಸಂಬಳ ಕಡಿಮೆ. ಸುಳ್ಳು ಹೇಳುವುದಿಲ್ಲ. ತಾಲ್ಲೂಕು ಮಟ್ಟದ ಅರೆಕಾಲಿಕ ವರದಿಗಾರರ ಪಾಡು ಇನ್ನೂ ಕಷ್ಟ, ಸುದ್ದಿಯ ಜೊತೆ ಜಾಹೀರಾತನ್ನೂ ತರಬೇಕು. ಯಾರಿಂದ ಜಾಹೀರಾತು ತಂದಿರೋ ಅವರ ಬಗ್ಗೆ ಬರೆಯೋಕೆ ಆಗುತ್ತದಾ, ನೀವೇ ಹೇಳಿ. ವಾರ್ತಾ ಇಲಾಖೆ, ಕಂಪನಿಗಳ ಸಂಪರ್ಕ ವಿಭಾಗ, ನೆಟ್ ಅಥವಾ ಕೆ-ಸೆಟ್ ಪಾಸು ಮಾಡಿ ಮೇಷ್ಟ್ರ ಕೆಲಸ, ಈ ದಾರಿಗಳೂ ಇವೆ. ಇದಕ್ಕೇ ಫೀಸಿನ ಲೆಕ್ಕ ಮುಖ್ಯ. ಲಕ್ಷಗಟ್ಟಲೆ ಸಾಲ ಮಾಡಿ ಖಾಸಗಿ ಕಾಲೇಜಿನಲ್ಲಿ ಓದಿದವರು ಮೊದಲ ತಿಂಗಳಿನಿಂದಲೇ ಕಂತು ಕಟ್ಟಬೇಕು. ಅಂಥವರು ಸುದ್ದಿಮನೆಯಲ್ಲಿ ನಿಲ್ಲುವುದಿಲ್ಲ, ಎರಡು ವರ್ಷದಲ್ಲಿ ಬೇರೆ ಕೆಲಸ ನೋಡಿಕೊಳ್ಳುತ್ತಾರೆ. ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಕಡಿಮೆ ಫೀಸಿಗೆ, ಹಾಸ್ಟೆಲ್‌ನಲ್ಲೋ ವಿದ್ಯಾಸಿರಿ ನೆರವಿನಲ್ಲೋ ಓದಿದವರಿಗೆ ಬೇಡದ ಕೆಲಸಕ್ಕೆ ಇಲ್ಲ ಅನ್ನುವ ಶಕ್ತಿ ಸ್ವಲ್ಪ ಉಳಿದಿರುತ್ತದೆ.

ಕೊನೆಯದು, ಈ ಮೂರನೇ ಸಾಲಿನ ತಂಗಿಯ ಪ್ರಶ್ನೆ. ನಾನು ಕನ್ನಡ ಮಾಧ್ಯಮದವಳು, ಮನೆಯಲ್ಲಿ ಅರೆಭಾಷೆ, ಇಂಗ್ಲಿಷ್ ಪುಸ್ತಕ ಓದೋಕೆ ಭಯ, ಸೇರಬಹುದಾ? ಸೇರಬಹುದಮ್ಮ. ಕನ್ನಡದಲ್ಲಿ ಉತ್ತರ ಬರೆಯಲು ಬಿಡುವ ವಿಶ್ವವಿದ್ಯಾಲಯಗಳಿವೆ. ಅರ್ಜಿ ಹಾಕುವ ಮೊದಲು ವಿಭಾಗಕ್ಕೆ ಫೋನ್ ಮಾಡಿ ಕೇಳಿಕೋ. ಇಂಗ್ಲಿಷನ್ನು ಓದಿ ಅರ್ಥ ಮಾಡಿಕೊಳ್ಳುವಷ್ಟು ಕಲಿ, ಯಾಕೆಂದರೆ ಸರ್ಕಾರಿ ವರದಿ, ಕೋರ್ಟಿನ ತೀರ್ಪು ಹೆಚ್ಚಿನವು ಅದರಲ್ಲೇ ಬರುತ್ತವೆ. ಮಾತಾಡೋಕೆ ಬರದಿದ್ದರೂ ನಡೆಯುತ್ತದೆ. ಅರೆಭಾಷೆಯನ್ನು ಮಾತ್ರ ಬಿಡಬೇಡ. ಮಡಿಕೇರಿ ಆಕಾಶವಾಣಿ ಕೊಡವ ತಕ್ಕ್‌ನಲ್ಲೂ ಅರೆಭಾಷೆಯಲ್ಲೂ ಕಾರ್ಯಕ್ರಮ ಕೊಡುತ್ತದೆ. ಭೂಕುಸಿತ ಆದ ಊರಿಗೆ ನೀನು ಹೋದರೆ, ಅಲ್ಲಿನ ಅಜ್ಜಿ ನಿನ್ನ ಹತ್ತಿರ ಅರೆಭಾಷೆಯಲ್ಲಿ ಹೇಳುವುದನ್ನು ಬೆಂಗಳೂರಿನ ವರದಿಗಾರನಿಗೆ ಹೇಳುವುದಿಲ್ಲ. ಎಂ.ಎ. ಅರ್ಜಿ ಕರೆದಾಗ ಪದವಿಯ ಎಲ್ಲ ಸೆಮಿಸ್ಟರ್ ಅಂಕಪಟ್ಟಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ ಕೈಯಲ್ಲಿ ಇರಬೇಕು. ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಯಲ್ಲಿ ಈಗಲೇ ಅರ್ಜಿ ಕೊಟ್ಟುಬಿಡು, ಮಳೆ ಹಿಡಿದ ಮೇಲೆ ಅಲ್ಲಿ ಕರೆಂಟೂ ಇರುವುದಿಲ್ಲ, ಸರ್ವರೂ ಇರುವುದಿಲ್ಲ.